ಸೈನಸ್ ಉರಿಯೂತಕ್ಕೆ ಜಲನೇತಿ, ಕಪಾಲಭಾತಿ, ಭ್ರಾಮರಿ: ಯಾವುದನ್ನು ಮಾಡಬೇಕು, ಯಾವಾಗ ನಿಲ್ಲಿಸಬೇಕು?

ನವನಗರದ ಅಕ್ಕೋರು (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯೊಂದರಲ್ಲಿ 19 ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ದೀಪಾವಳಿಯ ಹೊತ್ತಿಗೆ ಹಿಡಿದ ನೆಗಡಿ ನಾಲ್ಕು ತಿಂಗಳಾದರೂ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಲಗೆನ್ನೆ ಭಾರವಾಗಿರುತ್ತದೆ. ಹಲಗೆಯ ಕೆಳಸಾಲಿನಲ್ಲಿ ಬರೆಯಲು ಬಗ್ಗಿದರೆ ಕಣ್ಣಿನ ಕೆಳಗಿನ ಎಲುಬಿನೊಳಗೆ ಏನೋ ಜಗ್ಗಿದಂತಾಗಿ, ಖಡು ಕೈಯಲ್ಲಿ ಹಿಡಿದುಕೊಂಡೇ ಒಂದು ಕ್ಷಣ ಗೋಡೆಗೆ ಆತು ನಿಲ್ಲಬೇಕಾಗುತ್ತದೆ. ಹಳದಿ ಕಫ ಬರುತ್ತದೆ, ಅದೂ ಬಲಹೊಳ್ಳೆಯಿಂದಲೇ ಹೆಚ್ಚು, ಮತ್ತು ಅದಕ್ಕೆ ಕೆಟ್ಟ ವಾಸನೆಯಿದೆ. ಎರಡು ಸಲ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಂಡೆ. ತೆಗೆದುಕೊಂಡಷ್ಟು ದಿನ ಆರಾಮ, ಬಿಟ್ಟ ಮೇಲೆ ಮತ್ತೆ ಅದೇ ಪಾಡು.

ಕಳೆದ ತಿಂಗಳು ನಮ್ಮ ಬಡಾವಣೆಯಲ್ಲಿ ನಡೆದ ಯೋಗ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ನಲ್ಲಿಯ ನೀರನ್ನು ಹಾಗೆಯೇ ನೇತಿ ಪಾತ್ರೆಗೆ ತುಂಬಿಕೊಟ್ಟು ಜಲನೇತಿ (ಒಂದು ಹೊಳ್ಳೆಯಿಂದ ನೀರು ಹಾಯಿಸಿ ಮೂಗು ತೊಳೆಯುವುದು) ಮಾಡಿಸಿದರು, ಅದರ ಬೆನ್ನಿಗೇ ನೂರು ಸಲ ಜೋರಾಗಿ ಕಪಾಲಭಾತಿ (ರಭಸದಿಂದ ಉಸಿರು ಹೊರಹಾಕುವುದು) ಮಾಡಿಸಿದರು. ನೀರು ಒಳಗೆ ಹೋದಾಗ ಹಣೆಯವರೆಗೂ ಮೆಣಸಿನಕಾಯಿ ಹಚ್ಚಿದಂತೆ ಉರಿಯಿತು, ಸಂಜೆಗೆ ಬಲಗಿವಿ ನೋಯತೊಡಗಿತು. ಉರಿ ಬಂದರೆ ಕಫ ಕರಗುತ್ತಿದೆ ಎಂದರ್ಥ, ಬಿಡದೆ ಮುಂದುವರಿಸಿ ಎಂದು ಅವರು ಹೇಳಿದರು. ನನಗೆ ಯೋಗದ ಮೇಲೆ ನಂಬಿಕೆಯಿದೆ, ಆದರೆ ಮುಂದುವರಿಸಲು ಧೈರ್ಯ ಸಾಲುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಯೋಗ ಶಿಕ್ಷಕ (ವಿಜಯಪುರ)

ಅಕ್ಕೋರೇ, ಮೊದಲು ಆ ನೇತಿಯನ್ನು ನಿಲ್ಲಿಸಿ. ಹದಿನೈದು ವರ್ಷಗಳಿಂದ ಕಲಿಸುತ್ತಿರುವ ನಾನು ಇದನ್ನು ಖಚಿತವಾಗಿ ಹೇಳುತ್ತೇನೆ: ಸರಿಯಾಗಿ ಮಾಡಿದ ಜಲನೇತಿ ಉರಿಯುವುದಿಲ್ಲ. ಉರಿದರೆ ಕಫ ಕರಗುತ್ತಿದೆ ಎಂದಲ್ಲ, ನೀರಿನ ಹದ ತಪ್ಪಿದೆ ಎಂದರ್ಥ.

ಕಾರಣ ಸರಳವಾದದ್ದು. ನಮ್ಮ ಮೈಯೊಳಗಿನ ದ್ರವದಲ್ಲಿ ಒಂದು ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನಷ್ಟು ಸಾಂದ್ರತೆ ಇರುತ್ತದೆ. ಉಪ್ಪಿಲ್ಲದ ನೀರು ತಾಗಿದಾಗ ಮೂಗಿನ ಲೋಳೆಪೊರೆಯ ಜೀವಕೋಶಗಳು ಆ ನೀರನ್ನು ಹೀರಿ ಉಬ್ಬುತ್ತವೆ, ಆದ್ದರಿಂದ ಉರಿಯೂ ಬರುತ್ತದೆ, ಮೊದಲೇ ಕಟ್ಟಿದ ದಾರಿ ಇನ್ನಷ್ಟು ಕಟ್ಟುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಸಮತಟ್ಟಾದ ಚಹಾ ಚಮಚ ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಿದರೆ ಹೆಚ್ಚುಕಡಿಮೆ ಆ ಹದ ಸಿಗುತ್ತದೆ. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಇನ್ನೂ ಮೃದುವಾಗುತ್ತದೆ. ಹರಳುಪ್ಪಾದರೆ ಚಮಚದ ಅಳತೆ ತಪ್ಪುತ್ತದೆ, ಏಕೆಂದರೆ ಹರಳುಗಳ ನಡುವೆ ಸಂದು ಉಳಿಯುತ್ತದೆ. ನೀರು ಮೈಯಷ್ಟೇ ಬೆಚ್ಚಗಿರಬೇಕು. ಮಣಿಕಟ್ಟಿನ ಒಳಬದಿಗೆ ಹನಿಸಿಕೊಂಡರೆ ಬಿಸಿಯೂ ಅನ್ನಿಸಬಾರದು, ತಂಪೂ ಅನ್ನಿಸಬಾರದು.

ಮಾಡುವಾಗ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಬಾಯಿ ತೆರೆದು ಬಾಯಿಯಿಂದಲೇ ಉಸಿರಾಡುತ್ತಿರಬೇಕು. ಮೇಲಿನ ಹೊಳ್ಳೆಗೆ ಪಾತ್ರೆಯ ಮೂತಿ ಹಿಡಿದರೆ ಕೆಳಗಿನ ಹೊಳ್ಳೆಯಿಂದ ನೀರು ತಾನಾಗಿಯೇ ಸಣ್ಣ ಎಳೆಯಾಗಿ ಇಳಿಯುತ್ತದೆ. ಇಳಿಯದಿದ್ದರೆ ಒತ್ತಡ ಹಾಕಬೇಡಿ, ಅಂದಿಗೆ ಬಿಟ್ಟುಬಿಡಿ. ಪೂರ್ತಿ ಕಟ್ಟಿದ ಮೂಗಿಗೆ ನೇತಿ ಮಾಡುವುದು ತಪ್ಪು.

ನಿಮ್ಮ ಕಿವಿ ನೋವಿಗೂ ಕಾರಣವಿದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ನಾಳವಿದೆ. ಮೂಗಿನಲ್ಲಿ ನೀರು ಉಳಿದಿರುವಾಗಲೇ ನೂರು ಸಲ ರಭಸದಿಂದ ಉಸಿರು ಬಿಟ್ಟರೆ, ಅದರಲ್ಲೂ ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ, ಆ ನೀರು ಕಿವಿಯ ಕಡೆಗೆ ಹೋಗುತ್ತದೆ. ನೇತಿಯ ನಂತರ ಸೊಂಟದಿಂದ ಬಾಗಿ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಎರಡೂ ಹೊಳ್ಳೆ ತೆರೆದಿಟ್ಟುಕೊಂಡು ಮೆಲ್ಲಗೆ ಉಸಿರು ಬಿಡುತ್ತಾ ನೀರನ್ನು ಇಳಿಸಬೇಕು. ಕಪಾಲಭಾತಿ ಬೇಕೆಂದರೆ ಆಮೇಲೆ ಇಪ್ಪತ್ತು ಮೃದುವಾದ ಹೊಡೆತಗಳು ಸಾಕು.

ಸಿಂದಗಿ ರಸ್ತೆ

ಗುರುಗಳೇ, ನಮ್ಮ ಬೋರಿನ ನೀರೇ ಬಾಯಿಗಿಡಲಾಗದಷ್ಟು ಸವಳಾಗಿದೆ. ಅದಕ್ಕೆ ಮತ್ತೆ ಉಪ್ಪು ಹಾಕಬೇಕೇ?

ಯೋಗ ಶಿಕ್ಷಕ (ವಿಜಯಪುರ)

ಆ ನೀರನ್ನು ನೇತಿಗೆ ಬಳಸಲೇಬೇಡಿ ಸರ್. ಬೋರಿನ ಸವಳು ಎಂದರೆ ಬರೀ ಅಡುಗೆ ಉಪ್ಪಲ್ಲ. ಪಾತ್ರೆಯ ತಳಕ್ಕೆ ಬಿಳಿಯಾಗಿ ಕಚ್ಚುವ ಸುಣ್ಣದಂಶ ಮತ್ತು ಇತರ ಲವಣಗಳೂ ಅದರಲ್ಲಿವೆ, ಎಷ್ಟಿವೆ ಎಂಬ ಲೆಕ್ಕ ನಮಗೆ ಸಿಗುವುದಿಲ್ಲ. ಕುಡಿಯಲು ತರುವ ಶುದ್ಧೀಕರಿಸಿದ ನೀರನ್ನು ಕುದಿಸಿ, ಆರಿಸಿ, ಅದಕ್ಕೆ ಅಳತೆಯ ಉಪ್ಪು ಹಾಕಿ.

ಶುಶ್ರೂಷಕಿ (ಬೆಳಗಾವಿ)

ಕುದಿಸುವ ಮಾತನ್ನು ಗುರುಗಳು ಒಂದೇ ಪದದಲ್ಲಿ ಮುಗಿಸಿದರು, ನಾನು ಅದನ್ನು ಒತ್ತಿ ಹೇಳಬಯಸುತ್ತೇನೆ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಇದೆ. ಅದನ್ನು ಕುಡಿದರೆ ರೋಗ ಬರುವುದಿಲ್ಲ. ಮೂಗಿನೊಳಗೆ ಹೋದರೆ ವಾಸನೆಯ ನರದ ಗುಂಟ ಮಿದುಳಿಗೆ ಏರುತ್ತದೆ, ಏರಿದ ಮೇಲೆ ಬದುಕಿ ಉಳಿದವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿಕೊಂಡ ಇಬ್ಬರು ಹೀಗೆಯೇ ತೀರಿಕೊಂಡರು. 2024ರಲ್ಲಿ ಕೇರಳದಲ್ಲಿ ಈ ಬಗೆಯ ಮಿದುಳು ಜ್ವರದ ಪ್ರಕರಣಗಳು ಕಂಡಾಗ ಕೆರೆಕುಂಟೆಗಳಲ್ಲಿ ಈಜುವವರಿಗೆ ಎಚ್ಚರಿಕೆ ಕೊಟ್ಟಿದ್ದು ಹಲವರಿಗೆ ನೆನಪಿರಬಹುದು.

ಇದು ಅಪರೂಪದ ಕಾಯಿಲೆ, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಮೂರರಿಂದ ಐದು ನಿಮಿಷ ಕಳಕಳನೆ ಕುದಿಸಿದರೆ ಇಲ್ಲವಾಗುವ ಅಪಾಯವನ್ನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ, ತಾರಸಿಯ ಮೇಲೆ ಕಾದ ಟಾಕಿಯ ನೀರಿನೊಂದಿಗೆ ಏಕೆ ತಂದುಕೊಳ್ಳಬೇಕು? ನೇತಿ ಪಾತ್ರೆಯನ್ನೂ ಪ್ರತಿಸಲ ತೊಳೆದು, ಬೋರಲು ಹಾಕಿ, ಪೂರ್ತಿ ಒಣಗಿಸಿ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಬಳಸಬಾರದು. ಶಿಬಿರಗಳಲ್ಲಿ ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೃಷ್ಣಾ ತೀರದ ಹಿರಿಯ (ಜಮಖಂಡಿ)

ನನ್ನ ವಯಸ್ಸು 71. ನಮ್ಮ ತಂದೆಯವರು ಹೊಳೆಗೆ ಸ್ನಾನಕ್ಕೆ ಹೋದಾಗ ಬೊಗಸೆಯಲ್ಲಿ ನೀರೆತ್ತಿ ಮೂಗಿನಿಂದ ಸೇದಿ ಬಾಯಿಯಿಂದ ಉಗುಳುತ್ತಿದ್ದರು. ಅವರಿಗೆ ಕೊನೆಯವರೆಗೂ ನೆಗಡಿ ಎಂದರೆ ಗೊತ್ತಿರಲಿಲ್ಲ. ಸೋಡಾ, ಚಮಚ, ಅಮೀಬಾ ಎಂದು ಹೇಳುತ್ತಾ ಹೋದರೆ ಇದ್ದ ಒಂದು ಒಳ್ಳೆಯ ಪದ್ಧತಿಯನ್ನೂ ಜನ ಬಿಟ್ಟುಬಿಡುತ್ತಾರೆ. ಯೋಗಶಾಸ್ತ್ರ ಹೇಳಿದ್ದನ್ನು ಹೇಳಿದಂತೆ ಮಾಡಿದರೆ ಸಾಲದೇ?

ಯೋಗ ಶಿಕ್ಷಕ (ವಿಜಯಪುರ)

ಅಜ್ಜಾರೇ, ನಿಮ್ಮ ತಂದೆಯವರು ಮಾಡುತ್ತಿದ್ದದ್ದು ಘೇರಂಡ ಸಂಹಿತೆ ಎಂಬ ಯೋಗಗ್ರಂಥದಲ್ಲಿ ಬರುವ ವ್ಯುತ್ಕ್ರಮ ಕಪಾಲಭಾತಿ. ಅಂಥವರಿಂದಲೇ ಈ ವಿದ್ಯೆ ನಮ್ಮವರೆಗೆ ಉಳಿದುಬಂದಿದೆ, ಆ ಗೌರವ ನನಗಿದೆ. ಆದರೆ ಶಾಸ್ತ್ರದ ಮಾತು ಬಂದದ್ದರಿಂದ ಒಂದೆರಡು ವಿಷಯ ಹೇಳಬೇಕು. ಹಠಯೋಗ ಪ್ರದೀಪಿಕೆ ಎಂಬ ಇನ್ನೊಂದು ಯೋಗಗ್ರಂಥದಲ್ಲಿ ನೇತಿ ಎಂದರೆ ನೀರಲ್ಲ, ಗೇಣುದ್ದದ ನುಣುಪಾದ ನೂಲನ್ನು ಮೂಗಿನಿಂದ ಹಾಕಿ ಬಾಯಿಯಿಂದ ತೆಗೆಯುವ ಸೂತ್ರನೇತಿ. ಅದನ್ನು ಮನೆಯಲ್ಲಿ ಒಬ್ಬರೇ ಮಾಡಬಾರದು, ಉರಿಯೂತ ಇರುವಾಗಲಂತೂ ರಕ್ತ ಬರುತ್ತದೆ. ಕಪಾಲಭಾತಿಯನ್ನು ಅದು ಪ್ರಾಣಾಯಾಮವೆಂದು ಎಣಿಸದೆ ಷಟ್ಕರ್ಮಗಳ (ದೇಹಶುದ್ಧಿಯ ಆರು ಕ್ರಿಯೆಗಳ) ಸಾಲಿನಲ್ಲಿಟ್ಟು ಕಮ್ಮಾರನ ತಿದಿಗೆ ಹೋಲಿಸುತ್ತದೆ. ಬಹಳ ಮುಖ್ಯವಾಗಿ, ಷಟ್ಕರ್ಮಗಳು ಮೇದಸ್ಸು (ಕೊಬ್ಬು) ಮತ್ತು ಕಫ ಹೆಚ್ಚಾದವರಿಗೆ ಮಾತ್ರ, ಉಳಿದವರಿಗೆ ಬೇಡ ಎಂದು ಆ ಗ್ರಂಥವೇ ಹೇಳುತ್ತದೆ. ಶಾಸ್ತ್ರ ಹೇಳಿದಂತೆ ಮಾಡುವುದೆಂದರೆ ಎಲ್ಲರಿಗೂ ಒಂದೇ ಕ್ರಿಯೆಯನ್ನು ನೂರು ಸಲ ಮಾಡಿಸುವುದಲ್ಲ.

ಕೃಷ್ಣಾ ತೀರದ ಹಿರಿಯ (ಜಮಖಂಡಿ)

ಆ ಮಾತು ಇರುವುದು ನನಗೆ ತಿಳಿದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಹೊಳೆಯ ನೀರು ಅಂದಿನಂತೆ ಇಂದಿಲ್ಲ ಎನ್ನಿ, ಅಂದು ಮಾಡಿದ್ದೇ ತಪ್ಪು ಎನ್ನಬೇಡಿ.

ಔಷಧ ಅಂಗಡಿ (ಗೋಕಾಕ)

ಯೋಗದಿಂದ ಸೈನಸ್ ಬೇರು ಸಮೇತ ಹೋಗುತ್ತದೆ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಏನು ಎಂಬುದನ್ನು ನೋಡೋಣ. ಇಂಗ್ಲೆಂಡಿನಲ್ಲಿ ಬಹುದಿನಗಳ ಅಥವಾ ಪದೇ ಪದೇ ಬರುವ ಸೈನಸ್ ತೊಂದರೆಯಿದ್ದ 871 ಜನರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉಪ್ಪುನೀರಿನಿಂದ ಮೂಗು ತೊಳೆದುಕೊಂಡವರಿಗೆ ಆರು ತಿಂಗಳ ನಂತರ ಸಾಧಾರಣ ಮಟ್ಟದ ಉಪಯೋಗ ಕಂಡಿತು. ಹಬೆ ತೆಗೆದುಕೊಂಡವರಿಗೆ ತಲೆನೋವು ಸ್ವಲ್ಪ ಇಳಿದದ್ದನ್ನು ಬಿಟ್ಟರೆ ಉಪಯೋಗವಾಗಲಿಲ್ಲ. ಮೂಗು ತೊಳೆಯುವುದಕ್ಕೆ ಆಧಾರವಿದೆ, ಅದು ಸಾಧಾರಣ ಪ್ರಮಾಣದ್ದು, ಅಷ್ಟೇ.

ಇನ್ನೊಂದು ಮಾತು. ಮೂಗು ಬಿಡಿಸುವ ಡ್ರಾಪ್ಸ್‌ಗಳನ್ನು ನನ್ನ ಅಂಗಡಿಯಿಂದ ತಿಂಗಳುಗಟ್ಟಲೆ ಒಯ್ಯುವವರಿದ್ದಾರೆ. ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಆ ಔಷಧಿಯೇ ಮೂಗು ಕಟ್ಟುವಂತೆ ಮಾಡುತ್ತದೆ. ನಾನು ಹೇಳುತ್ತೇನೆ, ಕೇಳುವವರು ಕಡಿಮೆ.

ಮಗ್ಗದ ಮನೆ (ರಬಕವಿ-ಬನಹಟ್ಟಿ)

ಹಬೆಯಿಂದ ಉಪಯೋಗವಿಲ್ಲ ಎಂದವರು ಒಂದು ಸಲ ನಮ್ಮ ಪವರ್‌ಲೂಮ್ ಶೆಡ್ಡಿಗೆ ಬಂದು ನೋಡಬೇಕು. ಸಂಜೆ ಕೆಲಸ ಬಿಡುವ ಹೊತ್ತಿಗೆ ಹುಬ್ಬು, ರೆಪ್ಪೆ, ಮೀಸೆಯ ಮೇಲೆಲ್ಲ ಹತ್ತಿಯ ಎಳೆ ಬೆಳ್ಳಗೆ ಕೂತಿರುತ್ತದೆ. ಮೂಗು ಸೀಟಿದರೆ ನೂಲಿನ ಬಣ್ಣ ಯಾವುದಿತ್ತೋ ಕರವಸ್ತ್ರಕ್ಕೆ ಅದೇ ಬಣ್ಣ. ಒಂದು ಪಾತ್ರೆ ಹಬೆ ತೆಗೆದುಕೊಂಡರೆ ಆ ರಾತ್ರಿ ನಿದ್ದೆಯಾದರೂ ಬರುತ್ತದೆ. ನಮಗೆ ಬೆಳಿಗ್ಗೆ ಎದ್ದು ಪದ್ಮಾಸನ ಹಾಕುವಷ್ಟು ಪುರುಸೊತ್ತಿಲ್ಲ, ಎರಡು ಪಾಳಿ ಮಗ್ಗ ಓಡಿಸುತ್ತೇವೆ. ನಮ್ಮಂಥವರು ಮಾಡಬಹುದಾದದ್ದು ಏನಾದರೂ ಇದ್ದರೆ ಹೇಳಿ.

ಔಷಧ ಅಂಗಡಿ (ಗೋಕಾಕ)

ಅಣ್ಣಾರೇ, ನಿದ್ದೆಗೆ ಸಹಾಯವಾಗುತ್ತದೆ ಎಂದರೆ ತೆಗೆದುಕೊಳ್ಳಿ, ಬೇಡ ಎನ್ನಲಾರೆ. ಕುದಿಯುವ ಪಾತ್ರೆಯನ್ನು ಮಡಿಲ ಹತ್ತಿರ ಇಟ್ಟುಕೊಳ್ಳಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸುಟ್ಟುಕೊಂಡು ಮುಲಾಮು ಕೇಳಿ ಬಂದವರನ್ನು ಕಂಡಿದ್ದೇನೆ.

ಯೋಗ ಶಿಕ್ಷಕ (ವಿಜಯಪುರ)

ನೇತಿಯ ನಿಜವಾದ ಉಪಯೋಗ ನಿಮ್ಮಂಥವರಿಗೇ ಹೆಚ್ಚು. ಮೂಗಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲಿರುಳು ಬೀಸುತ್ತಾ ಲೋಳೆಯನ್ನೂ ಧೂಳನ್ನೂ ಗಂಟಲ ಕಡೆಗೆ ಸಾಗಿಸುತ್ತವೆ. ಲೋಳೆ ಗಟ್ಟಿಯಾದರೆ ಆ ಕೆಲಸ ನಿಧಾನವಾಗುತ್ತದೆ. ಪಾಳಿ ಮುಗಿಸಿ ಬಂದ ಮೇಲೆ, ಬೆಳಿಗ್ಗೆ ಕುದಿಸಿ ಮುಚ್ಚಿಟ್ಟ ನೀರನ್ನು ಬೆಚ್ಚಗೆ ಮಾಡಿ ಒಮ್ಮೆ ನೇತಿ ಮಾಡಿದರೆ ಆ ದಿನದ ಹತ್ತಿ ಆ ದಿನವೇ ಹೊರಗೆ ಹೋಗುತ್ತದೆ. ಐದು ನಿಮಿಷದ ಕೆಲಸ, ಯಾವ ಆಸನವೂ ಬೇಡ. ಆದರೆ ಶೆಡ್ಡಿನಲ್ಲಿ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳದೆ ಬರೀ ನೇತಿ ಮಾಡಿದರೆ ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಸಮಯವೇ ಇಲ್ಲದವರಿಗೆ ಭ್ರಾಮರಿ ಇದೆ. ತುಟಿ ಮುಚ್ಚಿ, ಹಲ್ಲುಗಳ ನಡುವೆ ಸಂದು ಬಿಟ್ಟು, ಉಸಿರು ಬಿಡುವಷ್ಟೂ ಹೊತ್ತು ದುಂಬಿಯಂತೆ ಗುಂಯ್ ಎನ್ನಬೇಕು. ಕೆನ್ನೆಯ ಎಲುಬು ಕಂಪಿಸುವುದು ಬೆರಳಿಗೆ ತಿಳಿಯಬೇಕು. ಮುಖದ ಎಲುಬುಗಳೊಳಗಿನ ಪೊಳ್ಳುಗಳಾದ ಸೈನಸ್ ಕುಹರಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉತ್ಪತ್ತಿಯಾಗುತ್ತದೆ. ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ಆ ಅನಿಲ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚು ಎಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ಅಳೆದು ತೋರಿಸಿದರು. ಅಂದರೆ ಗುಂಯ್‌ಗುಡುವಾಗ ಕುಹರದ ಗಾಳಿ ಮತ್ತು ಮೂಗಿನ ಗಾಳಿ ಚೆನ್ನಾಗಿ ಅದಲುಬದಲಾಗುತ್ತವೆ.

ಔಷಧ ಅಂಗಡಿ (ಗೋಕಾಕ)

ಆ ಅಳತೆ ಸರಿಯಾದದ್ದೇ. ಆದರೆ ಗಾಳಿ ಅದಲುಬದಲಾಯಿತು ಎಂದ ಮಾತ್ರಕ್ಕೆ ಕಾಯಿಲೆ ವಾಸಿಯಾಯಿತು ಎಂದಾಗುವುದಿಲ್ಲ. ಅದರಲ್ಲೂ ಕುಹರದ ಬಾಯಿಯೇ ಮುಚ್ಚಿಹೋಗಿದ್ದರೆ ಎಷ್ಟು ಗುಂಯ್‌ಗುಟ್ಟಿದರೂ ಗಾಳಿ ಒಳಗೆ ಹೋಗುವುದು ಹೇಗೆ?

ಯೋಗ ಶಿಕ್ಷಕ (ವಿಜಯಪುರ)

ಒಪ್ಪುತ್ತೇನೆ. ಅದಕ್ಕೇ ಮೊದಲು ನೇತಿ, ಆಮೇಲೆ ಭ್ರಾಮರಿ ಎನ್ನುತ್ತೇನೆ, ಮತ್ತು ಎರಡನ್ನೂ ಔಷಧದ ಜೊತೆಗೆ ಎನ್ನುತ್ತೇನೆ, ಔಷಧದ ಬದಲಿಗೆ ಎಂದಲ್ಲ.

ಟಿಳಕವಾಡಿ ನಿವಾಸಿ (ಬೆಳಗಾವಿ)

ನನ್ನ ಅನುಭವ ಬೇರೆಯ ಬಗೆಯದು, ಅದನ್ನು ಹೇಳಲೇಬೇಕು. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೆ ಬೂಸು ಹಿಡಿದಾಗಲೆಲ್ಲ ನನಗೆ ಹಣೆ ಸಿಡಿಯುವಂಥ ನೋವು ಬರುತ್ತಿತ್ತು, ಮೂಗಿನಿಂದ ನೀರು ಸುರಿಯುತ್ತಿತ್ತು. ಎಂಟು ವರ್ಷ ಅದನ್ನು ಸೈನಸ್ ಎಂದೇ ತಿಳಿದು ನೇತಿ, ಹಬೆ, ಕಷಾಯ ಎಲ್ಲ ಮಾಡಿದೆ. ಕೊನೆಗೆ ವೈದ್ಯರೊಬ್ಬರು, ನೋವು ಬಂದಾಗ ಬೆಳಕು ಸಹಿಸಲು ಆಗದಂತಾಗುತ್ತದೆಯೇ, ಹೊಟ್ಟೆ ತೊಳಸುತ್ತದೆಯೇ ಎಂದು ಕೇಳಿದರು. ಎರಡೂ ಇತ್ತು. ಅದು ಮೈಗ್ರೇನ್ ಆಗಿತ್ತು. ಮೈಗ್ರೇನಿನಲ್ಲಿಯೂ ಮೂಗು ಕಟ್ಟಬಹುದು, ಕಣ್ಣು ಮೂಗಿನಲ್ಲಿ ನೀರು ಬರಬಹುದು ಎಂಬುದು ನನಗೆ ತಿಳಿದಿರಲಿಲ್ಲ. ಅಮೆರಿಕದಲ್ಲಿ ಸೈನಸ್ ತಲೆನೋವೆಂದು ನಂಬಿದ್ದ 2,991 ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರಲ್ಲಿ ನೂರಕ್ಕೆ 88 ಮಂದಿಯ ಲಕ್ಷಣಗಳು ಮೈಗ್ರೇನಿಗೇ ಹೊಂದಿದವಂತೆ. ಈಗ ಅದರ ಔಷಧ ತೆಗೆದುಕೊಳ್ಳುತ್ತೇನೆ. ಭ್ರಾಮರಿಯನ್ನು ಬಿಟ್ಟಿಲ್ಲ, ಅದು ಮನಸ್ಸಿಗೆ ಸಮಾಧಾನ ಕೊಡುತ್ತದೆ.

ಶುಶ್ರೂಷಕಿ (ಬೆಳಗಾವಿ)

ಆದರೆ ಅಕ್ಕೋರ ವಿಷಯ ಹಾಗಲ್ಲ ಎಂದು ನನಗೆ ಅನ್ನಿಸುತ್ತದೆ. ಹಳದಿ ಕಫ, ಕೆಟ್ಟ ವಾಸನೆ, ನಾಲ್ಕು ತಿಂಗಳು. ಸಾಮಾನ್ಯ ನೆಗಡಿಯ ಸೈನಸ್ ಹೆಚ್ಚಾಗಿ ವೈರಸ್ಸಿನದು, ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. 12 ವಾರ ದಾಟಿದರೆ ಅದನ್ನು ದೀರ್ಘಕಾಲದ ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಇಷ್ಟು ದಿನವಾದ ಮೇಲೆ ಕಿವಿ, ಮೂಗು, ಗಂಟಲಿನ ವೈದ್ಯರು ದುರ್ಬೀನು ಹಾಕಿ ನೋಡಲೇಬೇಕು.

ದಂತವೈದ್ಯ (ಬಾಗಲಕೋಟೆ)

ಇಷ್ಟು ಜನ ಮಾತಾಡಿದರೂ ಅಕ್ಕೋರು ಬರೆದ ಒಂದು ಮಾತನ್ನು ಯಾರೂ ಹಿಡಿಯಲಿಲ್ಲ. ಬಲಗೆನ್ನೆ, ಬಲಹೊಳ್ಳೆ, ಕೆಟ್ಟ ವಾಸನೆ. ಸಾಮಾನ್ಯ ಸೈನಸ್ ಉರಿಯೂತ ಹೆಚ್ಚಾಗಿ ಎರಡೂ ಕಡೆ ಇರುತ್ತದೆ. ಒಂದೇ ಕಡೆ ಇದ್ದು ವಾಸನೆಯೂ ಇದ್ದರೆ ಹಲ್ಲನ್ನು ನೋಡಬೇಕು. ಮೇಲಿನ ದವಡೆಯ ಹಲ್ಲುಗಳ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಅದು ಮೇಲಕ್ಕೆ ದಾರಿ ಮಾಡಿಕೊಳ್ಳುತ್ತದೆ, ಹಲ್ಲಿನಲ್ಲಿ ನೋವೇ ಇಲ್ಲದಿರಬಹುದು. ಅಕ್ಕೋರೇ, ಬಲಗಡೆ ಮೇಲಿನ ದವಡೆಯಲ್ಲಿ ಹಿಂದೆ ಯಾವಾಗಲಾದರೂ ರೂಟ್ ಕೆನಾಲ್ ಮಾಡಿಸಿದ್ದೀರಾ?

ನವನಗರದ ಅಕ್ಕೋರು (ಬಾಗಲಕೋಟೆ)

ಹೌದು ಡಾಕ್ಟ್ರೇ, ಆರು ವರ್ಷಗಳ ಹಿಂದೆ ಮಾಡಿಸಿ ಟೋಪಿ ಹಾಕಿಸಿದ್ದೆ. ನೋವಿಲ್ಲ, ಆದರೆ ಆ ಕಡೆ ಚಕ್ಕುಲಿಯಂಥ ಗಟ್ಟಿ ಪದಾರ್ಥ ಅಗಿಯುವುದನ್ನು ನನಗೆ ತಿಳಿಯದೆಯೇ ಬಿಟ್ಟಿದ್ದೇನೆ ಎಂಬುದು ಈಗ ಹೊಳೆಯಿತು. ನಾಳೆ ರಜೆ ಹಾಕಿ ತೋರಿಸುತ್ತೇನೆ.

ಶುಶ್ರೂಷಕಿ (ಬೆಳಗಾವಿ)

ಓದುತ್ತಿರುವ ಉಳಿದವರಿಗೂ ಒಂದು ಮಾತು. ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ಕುತ್ತಿಗೆ ಬಿಗಿತ, ಜೋರು ಜ್ವರ, ಮಂಪರು ಇವುಗಳಲ್ಲಿ ಯಾವುದು ಕಂಡರೂ ಪ್ರಾಣಾಯಾಮ ಮಾಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಮುಖದ ಒಂದು ಬದಿ ಜೋಮು ಹಿಡಿದರೆ ಅಥವಾ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಒಂದು ಗಂಟೆಯೂ ತಡಮಾಡಬಾರದು. 2021ರಲ್ಲಿ ಕಪ್ಪು ಶಿಲೀಂಧ್ರ ಏನು ಮಾಡಿತೆಂಬುದನ್ನು ನಾವು ವಾರ್ಡಿನಲ್ಲಿ ನಿಂತು ನೋಡಿದ್ದೇವೆ.

ಸಿಂದಗಿ ರಸ್ತೆ

ನನಗೆ ರಕ್ತದೊತ್ತಡ ಇದೆ. ಕಪಾಲಭಾತಿ ಮಾಡಬಹುದೇ?

ಯೋಗ ಶಿಕ್ಷಕ (ವಿಜಯಪುರ)

ಬೇಡ ಸರ್. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ ಇದ್ದವರು, ಗರ್ಭಿಣಿಯರು, ಮೂಗಿನಿಂದ ರಕ್ತ ಬರುವವರು ಮಾಡಬಾರದು. ನಿಮಗೆ ಭ್ರಾಮರಿ ಸಾಕು. ನೋವು ಜೋರಾಗಿರುವ ದಿನಗಳಲ್ಲಿ ಸರ್ವಾಂಗಾಸನ, ಪಶ್ಚಿಮೋತ್ತಾನಾಸನದಂತೆ ತಲೆ ಕೆಳಗಾಗುವ, ಬಾಗುವ ಆಸನಗಳನ್ನು ಯಾರೂ ಮಾಡಬಾರದು. ಕೆನ್ನೆಯ ಸೈನಸ್ಸಿನ ಬಾಯಿ ಅದರ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಕೂತಾಗ ನಿಂತಾಗ ಅದು ಸುಲಭವಾಗಿ ಬರಿದಾಗುವುದಿಲ್ಲ. ಕಟ್ಟಿದ ಕಡೆ ಮೇಲಾಗುವಂತೆ ಒಂದು ಮಗ್ಗುಲಿಗೆ ಮಲಗಿದರೆ ಎಷ್ಟೋ ಜನರಿಗೆ ಭಾರ ಇಳಿಯುತ್ತದೆ.

ನವನಗರದ ಅಕ್ಕೋರು (ಬಾಗಲಕೋಟೆ)

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ದಂತವೈದ್ಯರು ಹೇಳಿದ್ದೇ ನಿಜವಾಯಿತು. ಎಕ್ಸ್‌ರೇಯಲ್ಲಿ ಆ ಹಲ್ಲಿನ ಬೇರಿನ ತುದಿಯಲ್ಲಿ ಕಪ್ಪು ಮಚ್ಚೆಯೊಂದು ಕಂಡಿತು, ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಅದರ ಮೇಲಿನ ಸೈನಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡಿತ್ತು, ಎಡಗಡೆಯದು ಸ್ವಚ್ಛವಾಗಿತ್ತು. ಹಲ್ಲು ಉಳಿಯುವ ಸ್ಥಿತಿಯಲ್ಲಿಲ್ಲದ ಕಾರಣ ತೆಗೆದರು, ಹತ್ತು ದಿನ ಮಾತ್ರೆ ಕೊಟ್ಟರು. ಗಾಯ ಮಾಗುವವರೆಗೆ ಮೂಗನ್ನು ಜೋರಾಗಿ ಸೀಟಬಾರದು, ನೇತಿಯನ್ನೂ ಮಾಡಬಾರದು ಎಂದು ತಾಕೀತು ಮಾಡಿದ್ದರು. ನಾಲ್ಕನೆಯ ವಾರ ವೈದ್ಯರನ್ನು ಕೇಳಿಯೇ ಮತ್ತೆ ಶುರು ಮಾಡಿದೆ, ಕುದಿಸಿದ ನೀರು, ಅಳತೆಯ ಉಪ್ಪು. ನಂಬಿ, ಒಂದಿಷ್ಟೂ ಉರಿಯಲಿಲ್ಲ. ಮೊನ್ನೆ ಹಲಗೆಯ ಕೊನೆಯ ಸಾಲಿನವರೆಗೆ ಬಗ್ಗಿ ಕಾಗುಣಿತ ಬರೆದು ಮುಗಿಸಿದ ಮೇಲೆ, ನೋವು ಬರಲಿಲ್ಲ ಎಂಬುದು ನೆನಪಾಯಿತು.

ಶಿಬಿರದವರಿಗೂ ನೀರು ಕುದಿಸುವ ವಿಷಯವನ್ನು ತಿಳಿಸಿದೆ. ಮುಂದಿನ ಸಲ ಪ್ರತಿಯೊಬ್ಬರೂ ತಮ್ಮ ಪಾತ್ರೆ, ತಮ್ಮ ನೀರು ತರುವಂತೆ ಹೇಳುವುದಾಗಿ ಒಪ್ಪಿದ್ದಾರೆ.

ಮಗ್ಗದ ಮನೆ (ರಬಕವಿ-ಬನಹಟ್ಟಿ)

ಬಹಳ ಸಂತೋಷವಾಯಿತು ಅಕ್ಕೋರೇ. ನಾವೂ ಶೆಡ್ಡಿನಲ್ಲಿ ನಾಲ್ಕು ಜನ ಮಾಸ್ಕ್ ಕಟ್ಟಿಕೊಳ್ಳಲು ಶುರು ಮಾಡಿದ್ದೇವೆ. ಸೆಕೆಯಾಗುತ್ತದೆ, ಆದರೂ ಕಟ್ಟುತ್ತೇವೆ. ಗುರುಗಳೇ, ನನ್ನ ಮಗನಿಗೆ ಆರು ವರ್ಷ, ಅವನಿಗೂ ಮೂಗು ಕಟ್ಟುತ್ತದೆ, ನೇತಿ ಮಾಡಿಸಬಹುದೇ?

ಯೋಗ ಶಿಕ್ಷಕ (ವಿಜಯಪುರ)

ಅಷ್ಟು ಸಣ್ಣವನಿಗೆ ಬೇಡ ಅಣ್ಣಾರೇ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ದುಂಬಿಯ ಸದ್ದು ಮಾಡುವ ಆಟ ಆಡಿಸಿ, ಅದು ಮಕ್ಕಳಿಗೆ ಬಲು ಇಷ್ಟ.